ಗಲ್ಲು ಶಿಕ್ಷೆಯ ತೀರ್ಪು ಬಂದ ಮೇಲೆ ಮನೆಯವರು ಏನು ಮಾಡಬೇಕು: ವಕೀಲರನ್ನು ಹುಡುಕುವುದರಿಂದ ಕ್ಷಮಾದಾನ ಅರ್ಜಿಯವರೆಗೆ

ಸೆಷನ್ಸ್ ಕೋರ್ಟಿನಲ್ಲಿ ಗಲ್ಲು ಶಿಕ್ಷೆ ಎಂದು ಓದಿ ಹೇಳಿದ ದಿನ ಮನೆಯವರಿಗೆ ಏನೂ ತೋಚುವುದಿಲ್ಲ. ಟಿವಿಯಲ್ಲಿ ಆಗಲೇ ಸುದ್ದಿ ಓಡುತ್ತಿರುತ್ತದೆ. ಊರಿನಲ್ಲಿ ಜನ ಮುಖ ತಿರುಗಿಸುತ್ತಾರೆ. ಪೊಲೀಸರು ಮಗನನ್ನೋ ಗಂಡನನ್ನೋ ವ್ಯಾನಿಗೆ ಹತ್ತಿಸಿಕೊಂಡು ಹೋದ ಮೇಲೆ, ಕೋರ್ಟಿನ ಮೆಟ್ಟಿಲ ಮೇಲೆ ಕೂತು "ಇನ್ನು ಎಲ್ಲ ಮುಗೀತಾ?" ಎಂದು ಕೇಳಿದ ತಾಯಂದಿರನ್ನು ಲೀಗಲ್ ಏಡ್ (ಪುಕ್ಕಟೆ ಕಾನೂನು ನೆರವು) ಕೆಲಸದಲ್ಲಿ ನಾನು ಕಂಡಿದ್ದೇನೆ. ಈ ಬರಹ ಅವರಿಗಾಗಿ.

ಮುಗಿದಿಲ್ಲ. ಸೆಷನ್ಸ್ ಕೋರ್ಟ್ ಕೊಟ್ಟ ಗಲ್ಲು ಶಿಕ್ಷೆಯನ್ನು ಹೈಕೋರ್ಟ್ ಖಾಯಂ ಮಾಡುವವರೆಗೆ ಜಾರಿ ಮಾಡಲು ಬರುವುದೇ ಇಲ್ಲ. ಅದಾದ ಮೇಲೂ ಸುಪ್ರೀಂ ಕೋರ್ಟ್ ಇದೆ, ಅದೇ ಕೋರ್ಟಿಗೆ ತೀರ್ಪನ್ನು ಮತ್ತೆ ನೋಡಿ ಎಂದು ಕೇಳುವ ರಿವ್ಯೂ ಇದೆ, ಅದೂ ಸೋತ ಮೇಲೆ ಅಲ್ಲೇ ಕೊನೆಯದಾಗಿ ಹಾಕುವ ಕ್ಯುರೇಟಿವ್ ಅರ್ಜಿ ಇದೆ, ರಾಜ್ಯಪಾಲರು ಮತ್ತು ರಾಷ್ಟ್ರಪತಿಗಳ ಮುಂದೆ ಕ್ಷಮಾದಾನವಿದೆ. ಮಹಾರಾಷ್ಟ್ರದ ಒಂದು ಕೇಸಿನಲ್ಲಿ 2009ರಲ್ಲಿ ಸುಪ್ರೀಂ ಕೋರ್ಟೇ ಆರು ಜನರಿಗೂ ಗಲ್ಲು ಎಂದಿತ್ತು. ರಿವ್ಯೂ ಅರ್ಜಿಯ ಮೇಲೆ ಆ ಕೇಸನ್ನು ಮತ್ತೆ ತೆರೆದು ನೋಡಿದಾಗ ಆ ಆರೂ ಜನ ತಪ್ಪಿತಸ್ಥರೇ ಅಲ್ಲ ಎಂದು 2019ರ ಮಾರ್ಚ್‌ನಲ್ಲಿ ಅದೇ ಕೋರ್ಟ್ ಬಿಡುಗಡೆ ಮಾಡಿತು. ಒಬ್ಬೊಬ್ಬರಿಗೂ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಅಷ್ಟರಲ್ಲಿ ಸುಮಾರು 16 ವರ್ಷ ಕಳೆದಿದ್ದವು. ಅವರೆಲ್ಲ ಅಲೆಮಾರಿ ಸಮುದಾಯದ ಬಡವರು.

ಸತ್ತವರ ಮನೆಯಲ್ಲೂ ಒಬ್ಬ ತಾಯಿ ಇದ್ದಾಳೆ. ಅದನ್ನು ಮರೆತು ನಾನು ಇದನ್ನು ಬರೆಯುತ್ತಿಲ್ಲ. ಆದರೆ ಸರಿಯಾದ ವಕೀಲರಿಲ್ಲದೆ, ಸರಿಯಾದ ವಿಚಾರಣೆಯಿಲ್ಲದೆ ಇನ್ನೊಂದು ಜೀವ ಹೋದರೆ ಆ ತಾಯಿಗೂ ನ್ಯಾಯ ಸಿಕ್ಕಂತಾಗುವುದಿಲ್ಲ ಎಂದು ನಂಬಿದವನು ನಾನು.

ಮೊದಲೇ ಒಂದು ಸೂಚನೆ. 2024ರ ಜುಲೈ 1ರಿಂದ ಸಿಆರ್‌ಪಿಸಿ (ಹಳೇ ದಂಡ ಪ್ರಕ್ರಿಯಾ ಸಂಹಿತೆ) ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೇ ಕೇಸುಗಳ ಕಾಗದಗಳಲ್ಲಿ ಹಳೇ ಸೆಕ್ಷನ್ ನಂಬರೇ ಇರುತ್ತದೆ. ಕೆಳಗೆ ನಾನು ಹೊಸ ನಂಬರು ಕೊಟ್ಟಿದ್ದೇನೆ. ಹಕ್ಕುಗಳು ಹೆಚ್ಚೂಕಡಿಮೆ ಅವೇ.

ಮೊದಲ ವಾರ: ತೀರ್ಪಿನ ಪ್ರತಿ ಮತ್ತು 30 ದಿನದ ಲೆಕ್ಕ

ತೀರ್ಪಿನ ಪ್ರತಿಯನ್ನು ಕೈದಿಗೆ ಪುಕ್ಕಟೆ ಕೊಡಬೇಕು. ಸೆಕ್ಷನ್ 404 ಹಾಗೆ ಹೇಳುತ್ತದೆ. ಎಷ್ಟು ದಿನದೊಳಗೆ ಅಪೀಲು ಹಾಕಬೇಕು ಎಂಬುದನ್ನೂ ಕೋರ್ಟ್ ಕೈದಿಗೆ ತಿಳಿಸಬೇಕು. ಆದರೆ ಆ ಗಾಬರಿಯಲ್ಲಿ ಅವರಿಗೆ ಕಿವಿಗೆ ಬಿದ್ದಿರುವುದೇ ಇಲ್ಲ. ಹಾಗಾಗಿ ಜೈಲಿಗೆ ಹೋದ ಮೊದಲ ಭೇಟಿಯಲ್ಲೇ "ಜಜ್‌ಮೆಂಟ್ ಕಾಪಿ ಕೈಗೆ ಬಂತಾ?" ಎಂದು ಕೇಳಿ. ಬಂದಿಲ್ಲವೆಂದರೆ ಜೈಲು ಸೂಪರಿಂಟೆಂಡೆಂಟ್‌ಗೆ ಒಂದು ಚೀಟಿ ಬರೆದುಕೊಟ್ಟು, ಅದರ ನಕಲಿಗೆ ಸೀಲು ಹಾಕಿಸಿಕೊಳ್ಳಿ.

ಸೆಷನ್ಸ್ ಕೋರ್ಟಿನ ಗಲ್ಲು ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಅಪೀಲು ಹಾಕಲು 30 ದಿನ ಸಮಯ. ಬೇರೆ ಶಿಕ್ಷೆಗಳಿಗಿರುವ 60 ದಿನ ಇಲ್ಲಿ ಇಲ್ಲ. ಸರ್ಟಿಫೈಡ್ ಕಾಪಿ ಪಡೆಯಲು ಹಿಡಿದ ದಿನಗಳನ್ನು ಈ ಲೆಕ್ಕದಿಂದ ಕಳೆಯಬಹುದು. ತಡವಾದರೆ ಕಾರಣ ಹೇಳಿ ಮನ್ನಾ ಕೇಳಲೂಬಹುದು. ಹಾಗೆಂದು ಅದನ್ನೇ ನಂಬಿ ಕೂರಬೇಡಿ.

ಹೊರಗೆ ವಕೀಲರು ಸಿಗುವುದು ತಡವಾದರೆ ಕೈದಿ ಜೈಲಿನಿಂದಲೇ ಅಪೀಲು ಕೊಡಬಹುದು. ಸೆಕ್ಷನ್ 424ರ ಪ್ರಕಾರ ಜೈಲಿನ ಅಧಿಕಾರಿ ಅದನ್ನು ಕೋರ್ಟಿಗೆ ಕಳಿಸಲೇಬೇಕು. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದರೂ ಸಾಕು. ನಂತರ ವಕೀಲರು ಬಂದು ಅದನ್ನು ಸರಿಯಾಗಿ ಕಟ್ಟಿಕೊಡುತ್ತಾರೆ.

ಇಲ್ಲಿ ತುಂಬ ಮನೆಗಳಲ್ಲಿ ಒಂದು ತಪ್ಪು ಆಗುತ್ತದೆ. "ಹೈಕೋರ್ಟಿಗೆ ಕೇಸು ತಾನಾಗೇ ಹೋಗುತ್ತಂತಲ್ಲ, ಮತ್ಯಾಕೆ ಅಪೀಲು?" ಎಂದು ಸುಮ್ಮನಾಗುತ್ತಾರೆ. ಹೋಗುವುದು ನಿಜ. ಸೆಕ್ಷನ್ 407ರ ಪ್ರಕಾರ ಸೆಷನ್ಸ್ ಕೋರ್ಟೇ ಕಡತವನ್ನು ಹೈಕೋರ್ಟಿಗೆ ಕಳಿಸುತ್ತದೆ. ಆದರೆ ಅದು ಕೋರ್ಟಿನಿಂದ ಕೋರ್ಟಿಗೆ ಹೋದ ಕಡತ. ನಿಮ್ಮ ಮಾತು ಅದರಲ್ಲಿ ಇರುವುದಿಲ್ಲ. ನಿಮ್ಮ ಕಡೆಯ ತಕರಾರುಗಳು ಒಂದೊಂದಾಗಿ ಕಾಗದದ ಮೇಲೆ ಬರಬೇಕಾದರೆ ಅಪೀಲು ಬೇಕೇ ಬೇಕು. ಎರಡನ್ನೂ ಒಟ್ಟಿಗೆ ಕೇಳುತ್ತಾರೆ.

ವಕೀಲರು: ದುಡ್ಡಿಲ್ಲದಿದ್ದರೂ ಸಿಗುತ್ತಾರೆ, ಆದರೆ ಇಂಥವರೇ ಬೇಕು ಎಂದು ಕೇಳಿ

ಜೈಲಿನಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರು ಸಿಗಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12 ಇದನ್ನು ಹಕ್ಕಾಗಿ ಕೊಟ್ಟಿದೆ. ನಿಮ್ಮ ಜಿಲ್ಲಾ ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ. ರಾಜ್ಯದ ಕಚೇರಿ ಬೆಂಗಳೂರಿನ ನ್ಯಾಯ ದೇಗುಲದಲ್ಲಿದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಅವರವರದೇ ಕಾನೂನು ಸೇವಾ ಸಮಿತಿಗಳಿವೆ.

2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನೋಖಿಲಾಲ್ ಕೇಸಿನಲ್ಲಿ ಕೆಲವು ಮಾತು ಕಟ್ಟುನಿಟ್ಟಾಗಿ ಹೇಳಿದೆ. ಆ ಕೇಸಿನಲ್ಲಿ ಲೀಗಲ್ ಏಡ್ ವಕೀಲರನ್ನು ನೇಮಿಸಿದ ದಿನವೇ ಚಾರ್ಜ್ ಫ್ರೇಮ್ (ಕೋರ್ಟ್ ಆರೋಪ ಹೊರಿಸುವುದು) ಆಗಿತ್ತು. ಇಡೀ ವಿಚಾರಣೆ ಎರಡು ವಾರದೊಳಗೆ ಮುಗಿದು ಗಲ್ಲು ಶಿಕ್ಷೆ ಬಂದಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಮೊದಲಿಂದ ವಿಚಾರಣೆ ನಡೆಸಲು ಹೇಳಿತು. ಜೀವಾವಧಿ ಅಥವಾ ಗಲ್ಲು ಶಿಕ್ಷೆ ಬರಬಹುದಾದ ಕೇಸಿಗೆ ಕನಿಷ್ಠ 10 ವರ್ಷ ವಕೀಲಿಕೆ ಮಾಡಿದವರನ್ನೇ ಕೊಡಬೇಕು. ಹೈಕೋರ್ಟಿನಲ್ಲಿ ಗಲ್ಲು ಶಿಕ್ಷೆ ಖಾಯಂ ಮಾಡುವ ವಿಚಾರಣೆಗೆ, ಬೇರೆಯವರಿಗಿಂತ ಮುಂಚೆ ಹಿರಿಯ ವಕೀಲರನ್ನು (ಕೋರ್ಟೇ 'ಸೀನಿಯರ್' ಎಂದು ಹೆಸರಿಸಿದವರನ್ನು) ಪರಿಗಣಿಸಬೇಕು. ತಯಾರಿಗೆ ಕನಿಷ್ಠ 7 ದಿನ ಕೊಡಬೇಕು. ಕೈದಿಯ ಜೊತೆ ಕೂತು ಮಾತಾಡಲು ಅವಕಾಶ ಕೊಡಬೇಕು.

ಇದನ್ನು ನೀವು ನೆನಪಿನಲ್ಲಿಟ್ಟುಕೊಂಡು ಕೇಳಬೇಕು. ಅರ್ಜಿ ಬರೆಯುವಾಗ "ಇದು ಗಲ್ಲು ಶಿಕ್ಷೆಯ ಕೇಸು, 10 ವರ್ಷ ಅನುಭವವಿರುವ ವಕೀಲರನ್ನು ಕೊಡಿ" ಎಂದು ಸ್ಪಷ್ಟವಾಗಿ ಬರೆಯಿರಿ. ನೇಮಕವಾದ ವಕೀಲರು ಜೈಲಿಗೆ ಹೋಗಿ ಕೈದಿಯನ್ನು ನೋಡಿದರಾ ಎಂದು ವಿಚಾರಿಸಿ. ನೋಡಿಲ್ಲವಾದರೆ ವಿನಯದಿಂದ, ಆದರೆ ಬಿಡದೆ ಕೇಳಿ. ಒಂದು ತಿಂಗಳಾದರೂ ಭೇಟಿಯಾಗದಿದ್ದರೆ ಪ್ರಾಧಿಕಾರಕ್ಕೆ ಬರೆದು ಬೇರೆ ವಕೀಲರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಖಾಸಗಿ ವಕೀಲರನ್ನು ಇಡುವ ಆಸೆಗೆ ಹೊಲ ಮಾರುವ ಮನೆಗಳಿವೆ. ನನ್ನ ಕಣ್ಣ ಮುಂದೆಯೇ ಒಂದು ಮನೆಯವರು ಇದ್ದ ಎರಡು ಎಕರೆ ಮಾರಿದರು. ಆ ವಕೀಲರು ವಾದದ ದಿನ ಬರಲೇ ಇಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ಕೆಲಸ ಚೆನ್ನಾಗಿ ಆಗುತ್ತದೆ ಎಂದೇನಿಲ್ಲ. ಯಾರೇ ಆಗಲಿ, ಮೂರು ಪ್ರಶ್ನೆ ಕೇಳಿ: ಇಂಥ ಕೇಸು ಮೊದಲು ನಡೆಸಿದ್ದೀರಾ? ಪೂರ್ತಿ ಕಡತ ಓದಿದ್ದೀರಾ? ಶಿಕ್ಷೆಯ ಬಗ್ಗೆ ಬೇರೆಯಾಗಿ ಏನು ವಾದ ಮಾಡುತ್ತೀರಿ? ಮೂರನೆಯದಕ್ಕೆ ಉತ್ತರ ತಡವರಿಸಿದರೆ ಯೋಚನೆ ಮಾಡಬೇಕಾದ ವಿಷಯವೇ.

ಬದುಕಿನ ಕಥೆಯನ್ನು ಕೂಡಿಹಾಕಿ

ಇಡೀ ಬರಹದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

1980ರ ಬಚ್ಚನ್ ಸಿಂಗ್ ತೀರ್ಪಿನಿಂದ ಗಲ್ಲು ಶಿಕ್ಷೆ "ಅಪರೂಪದಲ್ಲಿ ಅಪರೂಪ" ಅನ್ನುವ ಕೇಸಿಗೆ ಮಾತ್ರ. ಅಪರಾಧ ಎಷ್ಟು ಕ್ರೂರ ಎಂಬುದೊಂದನ್ನೇ ನೋಡಿದರೆ ಸಾಲದು, ಮಾಡಿದವನು ಯಾರು, ಹೇಗೆ ಬೆಳೆದ, ಬದಲಾಗಬಲ್ಲನಾ ಎಂದೂ ನೋಡಬೇಕು. ಬದಲಾಗಲು ಸಾಧ್ಯವೇ ಇಲ್ಲ ಎಂದು ತೋರಿಸುವ ಹೊಣೆ ಸರ್ಕಾರದ್ದು. ಆದರೆ ತಪ್ಪಿತಸ್ಥ ಎಂದು ಹೇಳಿದ ದಿನವೇ, ಇಲ್ಲವೇ ಮಾರನೇ ದಿನವೇ ಶಿಕ್ಷೆಯ ವಾದ ಮುಗಿದುಹೋಗುವುದು ಜಾಸ್ತಿ. ವಕೀಲರು ಎದ್ದು "ಬಡವ, ವಯಸ್ಸಾದ ತಾಯಿ ಇದ್ದಾಳೆ, ಕರುಣೆ ತೋರಿಸಿ" ಎಂದು ಎರಡು ಸಾಲು ಹೇಳಿ ಕೂರುತ್ತಾರೆ. ಒಬ್ಬ ಮನುಷ್ಯನ ಇಡೀ ಬದುಕಿಗೆ ಎರಡು ಸಾಲು.

2022ರ ಮೇನಲ್ಲಿ ಮನೋಜ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ದಾರಿ ಹಾಕಿಕೊಟ್ಟಿತು. ಆರೋಪಿಯ ಮನಸ್ಸಿನ ಸ್ಥಿತಿಯ ಬಗ್ಗೆ ತಜ್ಞರ ವರದಿಯನ್ನು ಸರ್ಕಾರವೇ ತರಬೇಕು. ವಯಸ್ಸು, ಮನೆಯ ಪರಿಸ್ಥಿತಿ, ಓದು, ಕೆಲಸ, ಹಿಂದಿನ ನಡತೆ ಎಲ್ಲವನ್ನೂ ಕೋರ್ಟಿನ ಮುಂದಿಡಬೇಕು. ಜೈಲಿನಲ್ಲಿ ಹೇಗಿದ್ದ, ಏನು ಕೆಲಸ ಕಲಿತ ಎಂಬ ವರದಿಯೂ ಬರಬೇಕು. ಆರೋಪಿಯ ಕಡೆಯವರಿಗೂ ತಮ್ಮ ದಾಖಲೆ ಕೊಡಲು ಅವಕಾಶ ಸಿಗಬೇಕು. ವಿಚಾರಣೆಯ ಹಂತದಲ್ಲಿ ಇದು ಆಗದಿದ್ದರೆ ಹೈಕೋರ್ಟಿನಲ್ಲೂ ಕೇಳಬಹುದು, ಸುಪ್ರೀಂ ಕೋರ್ಟಿನಲ್ಲೂ ಕೇಳಬಹುದು.

ಆ ದಾಖಲೆ ಕೂಡಿಹಾಕುವವರು ಯಾರು? ಹೆಚ್ಚಿನ ಸಲ ನೀವೇ. ಹೇಗೆ ಎಂದು ಹೇಳುತ್ತೇನೆ.

ಮೊದಲು ವಯಸ್ಸು. ಶಾಲೆಯ ದಾಖಲಾತಿ ಪುಸ್ತಕ, ವರ್ಗಾವಣೆ ಪತ್ರ, ಜನನ ಪ್ರಮಾಣಪತ್ರ ತೆಗೆಸಿ. ಘಟನೆ ನಡೆದ ದಿನ 18 ತುಂಬಿರದಿದ್ದರೆ ಗಲ್ಲು ಶಿಕ್ಷೆ ಕೊಡಲು ಬರುವುದೇ ಇಲ್ಲ. ಈ ಮಾತನ್ನು ಯಾವ ಹಂತದಲ್ಲಿ ಬೇಕಾದರೂ ಎತ್ತಬಹುದು. ಮಹಾರಾಷ್ಟ್ರದ ಜೈಲಿನಲ್ಲಿದ್ದ ಒಬ್ಬ ಕೈದಿ ಘಟನೆಯ ಹೊತ್ತಿಗೆ 12 ವರ್ಷದ ಹುಡುಗ ಎಂದು ಶಾಲೆಯ ದಾಖಲೆಯಿಂದ ಸಾಬೀತಾಗಿ, 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಅಷ್ಟರಲ್ಲಿ ಅವನು 28 ವರ್ಷ ಜೈಲಿನಲ್ಲಿ ಕಳೆದಿದ್ದ. ಊರಿನ ಶಾಲೆಯ ಹಳೇ ರಿಜಿಸ್ಟರಿನ ಒಂದು ಸಾಲು ಅಷ್ಟು ಮಾಡಬಲ್ಲದು.

ಆಮೇಲೆ ಮನಸ್ಸು ಮತ್ತು ಮೈ. ಚಿಕ್ಕಂದಿನಲ್ಲಿ ತಲೆಗೆ ಪೆಟ್ಟು ಬಿದ್ದಿತ್ತಾ? ಮೂರ್ಛೆ ರೋಗ ಇತ್ತಾ? ಶಾಲೆಯಲ್ಲಿ ಪಾಠ ಹತ್ತುತ್ತಿರಲಿಲ್ಲವಾ? ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಕರೆದುಕೊಂಡು ಹೋಗಿದ್ದರೆ ಆ ಚೀಟಿ ಹುಡುಕಿ. ಡಾಕ್ಟರ ಬದಲು ದೇವಸ್ಥಾನಕ್ಕೋ ದರ್ಗಾಕ್ಕೋ ಕರೆದುಕೊಂಡು ಹೋಗಿದ್ದರೆ ಅದನ್ನೂ ನಾಚಿಕೆಯಿಲ್ಲದೆ ಹೇಳಿ. "ಮೈಮೇಲೆ ಬರುತ್ತಿತ್ತು" ಎಂದು ಊರವರು ಅಂದಿದ್ದು ಕಾಯಿಲೆಯ ಲಕ್ಷಣವೇ ಇರಬಹುದು. ತೀವ್ರ ಮಾನಸಿಕ ಕಾಯಿಲೆ ಶಿಕ್ಷೆಯಾದ ಮೇಲೆ ಬಂದದ್ದಾದರೂ ಗಲ್ಲು ತಪ್ಪಿಸಲು ಕಾರಣವಾಗಬಹುದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮೂರನೆಯದು ಬಾಲ್ಯ. ಇದು ಮನೆಯವರಿಗೆ ಹೇಳಿಕೊಳ್ಳಲು ಎಲ್ಲಕ್ಕಿಂತ ಕಷ್ಟ. ಅಪ್ಪ ಕುಡಿದು ಹೊಡೆಯುತ್ತಿದ್ದದ್ದು, ಎಂಟನೇ ವಯಸ್ಸಿಗೆ ಜೀತಕ್ಕೋ ಹೋಟೆಲಿಗೋ ಬಿಟ್ಟದ್ದು, ಬರಗಾಲದಲ್ಲಿ ಗುಳೆ ಹೋದದ್ದು, ಯಾರೋ ಮಗುವಿಗೆ ಕೆಟ್ಟದ್ದು ಮಾಡಿದ್ದು. ಮಾನ ಹೋಗುತ್ತದೆ ಎಂದು ಮುಚ್ಚಿಡಬೇಡಿ. ವಕೀಲರ ಹತ್ತಿರ ಒಬ್ಬರೇ ಕೂತು ಹೇಳಿ. ಹೇಳಿದ್ದನ್ನೆಲ್ಲ ಕೋರ್ಟಿಗೆ ಕೊಡಲೇಬೇಕು ಎಂದಿಲ್ಲ. ಕೊಡಬೇಕೋ ಬೇಡವೋ ಎಂದು ಆಮೇಲೆ ತೀರ್ಮಾನ ಮಾಡಬಹುದು.

ಇನ್ನು ಜೈಲಿನ ದಾಖಲೆ. ಅಲ್ಲಿ ಅಕ್ಷರ ಕಲಿತರೆ, ಮುಕ್ತ ವಿಶ್ವವಿದ್ಯಾಲಯದ ಪರೀಕ್ಷೆ ಕಟ್ಟಿದರೆ, ನೇಯ್ಗೆ, ಬೇಕರಿ, ಅಡುಗೆ ಮನೆಯಲ್ಲಿ ದುಡಿದರೆ ಪ್ರಮಾಣಪತ್ರ ಕೇಳಿ ಇಟ್ಟುಕೊಳ್ಳಿ. ಮೇಷ್ಟ್ರು, ಪಕ್ಕದ ಮನೆಯವರು, ಜೊತೆಗೆ ಗಾರೆ ಕೆಲಸ ಮಾಡಿದವರು ಏನಾದರೂ ಹೇಳಲು ಒಪ್ಪಿದರೆ ಅವರಿಂದ ಅಫಿಡವಿಟ್ ಮಾಡಿಸಿ. ಊರಲ್ಲಿ ಎಲ್ಲರೂ ಒಪ್ಪುವುದಿಲ್ಲ. ಇಬ್ಬರು ಒಪ್ಪಿದರೂ ದೊಡ್ಡದು.

ಕೇಸು ಇನ್ನೂ ಸೆಷನ್ಸ್ ಕೋರ್ಟಿನಲ್ಲೇ ಇದ್ದರೆ ಈ ಕೆಲಸವನ್ನು ಇವತ್ತೇ ಶುರು ಮಾಡಿ. ತಪ್ಪಿತಸ್ಥ ಎಂದು ತೀರ್ಪು ಬಂದ ತಕ್ಷಣ, ಸೆಕ್ಷನ್ 258ರ ಕೆಳಗೆ ಶಿಕ್ಷೆಯ ವಿಚಾರಣೆಗೆ ಸಮಯ ಬೇಕು ಎಂದು ವಕೀಲರಿಂದ ಲಿಖಿತ ಅರ್ಜಿ ಹಾಕಿಸಿ. ಬಾಯಿಮಾತಿನಲ್ಲಿ ಕೇಳಿದ್ದು ಕಡತದಲ್ಲಿ ಉಳಿಯುವುದಿಲ್ಲ. ಲಿಖಿತ ಅರ್ಜಿಯನ್ನು ತಳ್ಳಿಹಾಕಿದರೂ ಅದೇ ಮುಂದೆ ಹೈಕೋರ್ಟಿನಲ್ಲಿ ನಿಮ್ಮ ಅಸ್ತ್ರ.

ಹೈಕೋರ್ಟ್

ನಿಮ್ಮ ಜಿಲ್ಲೆಯನ್ನು ನೋಡಿಕೊಂಡು ಕೇಸು ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠಕ್ಕೆ ಹೋಗುತ್ತದೆ. ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳು ಕೇಳುತ್ತಾರೆ. ಇಲ್ಲಿ ಹೈಕೋರ್ಟ್ ಇಡೀ ಸಾಕ್ಷ್ಯವನ್ನು ಮೊದಲಿಂದ ತೂಗಿ ನೋಡಬೇಕು. ಶಿಕ್ಷೆ ಖಾಯಂ ಮಾಡಬಹುದು, ಕಡಿಮೆ ಮಾಡಬಹುದು, ಮತ್ತೆ ವಿಚಾರಣೆ ನಡೆಸಿ ಎನ್ನಬಹುದು, ಪೂರ್ತಿ ಬಿಡುಗಡೆಯನ್ನೂ ಮಾಡಬಹುದು. ಹೊಸ ಸಾಕ್ಷ್ಯ ತೆಗೆದುಕೊಳ್ಳುವ ಅಧಿಕಾರವೂ ಇದೆ. ನಾನು ನೋಡಿದ ಮಟ್ಟಿಗೆ, ಇಡೀ ದಾರಿಯಲ್ಲಿ ಇಷ್ಟು ಅಗಲವಾದ ಬಾಗಿಲು ಬೇರೆ ಇಲ್ಲ. ಸುಪ್ರೀಂ ಕೋರ್ಟ್ ಇದೆಯಲ್ಲ ಎಂದು ಇಲ್ಲಿ ಸಡಿಲ ಬಿಡಬೇಡಿ.

ನಮ್ಮ ಕಡೆಯವರಿಗೆ ಒಂದು ವಿಶೇಷ ಮಾತು. ಸಾಕ್ಷಿಗಳು ಕನ್ನಡದಲ್ಲಿ, ಅದೂ ತಮ್ಮ ತಮ್ಮ ಸೀಮೆಯ ಕನ್ನಡದಲ್ಲಿ ಹೇಳಿರುತ್ತಾರೆ. ಮೇಲಿನ ಕೋರ್ಟಿಗೆ ಅದು ಇಂಗ್ಲಿಷಿಗೆ ಹೋಗುತ್ತದೆ. "ಅವನನ್ನು ನೋಡಿದಂಗಾತು" ಅನ್ನುವ ಅನುಮಾನದ ಮಾತು ಅನುವಾದದಲ್ಲಿ "ಅವನನ್ನು ನೋಡಿದೆ" ಎಂದು ಗಟ್ಟಿಯಾಗಿಬಿಡಬಹುದು. ಹಾಗಾಗಿ ಕನ್ನಡದ ಮೂಲ ಸಾಕ್ಷ್ಯದ ಪ್ರತಿಯನ್ನು, ಪಂಚನಾಮೆಗಳನ್ನು ಜೊತೆಗಿಟ್ಟು, ಎರಡೂ ಭಾಷೆ ಬಲ್ಲವರ ಕೈಯಲ್ಲಿ ಸಾಲು ಸಾಲು ಓದಿಸಿ. ಊರಿನ ಮೇಷ್ಟ್ರಾದರೂ ಆದೀತು. ತಪ್ಪು ಕಂಡರೆ ಪುಟದ ನಂಬರು ಬರೆದು ವಕೀಲರಿಗೆ ಕೊಡಿ.

ಸುಪ್ರೀಂ ಕೋರ್ಟ್

ಹೈಕೋರ್ಟ್ ಗಲ್ಲು ಶಿಕ್ಷೆ ಖಾಯಂ ಮಾಡಿದರೆ ಸಂವಿಧಾನದ 136ನೇ ವಿಧಿಯ ಕೆಳಗೆ ವಿಶೇಷ ಅನುಮತಿ ಅರ್ಜಿ ಹಾಕಬೇಕು. ಗಲ್ಲು ಶಿಕ್ಷೆಯ ಕೇಸಿಗೆ ಸಮಯ 60 ದಿನ. ಸೆಷನ್ಸ್ ಕೋರ್ಟ್ ಬಿಟ್ಟಿದ್ದವರಿಗೆ ಹೈಕೋರ್ಟ್ ಗಲ್ಲು ಕೊಟ್ಟಿದ್ದರೆ ಅನುಮತಿ ಬೇಡ, 134ನೇ ವಿಧಿಯ ಪ್ರಕಾರ ಅಪೀಲು ನೇರ ಹಕ್ಕು. ಕೇಳುವವರು ಕನಿಷ್ಠ ಮೂವರು ನ್ಯಾಯಮೂರ್ತಿಗಳು. ದಿಲ್ಲಿಗೆ ಓಡಾಡುವ ಖರ್ಚಿಗೆ ಹೆದರಬೇಡಿ. ಜೈಲಿನ ಮೂಲಕವೇ ಸುಪ್ರೀಂ ಕೋರ್ಟ್ ಕಾನೂನು ಸೇವಾ ಸಮಿತಿಗೆ ಕಾಗದ ಕಳಿಸಬಹುದು.

ನ್ಯಾಯಮೂರ್ತಿಗಳ ನಡುವೆಯೇ ಭಿನ್ನಮತ ಬರುತ್ತದೆ ಎಂಬುದಕ್ಕೆ ಬೆಂಗಳೂರಿನ ಶ್ರದ್ಧಾನಂದ ಕೇಸು ಸಾಕ್ಷಿ. ಸೆಷನ್ಸ್ ಕೋರ್ಟ್, ಹೈಕೋರ್ಟ್ ಎರಡೂ ಗಲ್ಲು ಎಂದಿದ್ದವು. ಈಗಿನ ಮೂವರ ನಿಯಮ ಬರುವ ಮೊದಲು, 2007ರಲ್ಲಿ, ಕೇಸು ಕೇಳಿದ ಸುಪ್ರೀಂ ಕೋರ್ಟಿನ ಇಬ್ಬರಲ್ಲಿ ಒಬ್ಬರು ಗಲ್ಲು ಎಂದರು, ಇನ್ನೊಬ್ಬರು ಜೀವಾವಧಿ ಎಂದರು. 2008ರಲ್ಲಿ ಮೂವರ ಪೀಠ ಗಲ್ಲು ತೆಗೆದು, ಬದುಕಿರುವವರೆಗೆ ಬಿಡುಗಡೆಯಿಲ್ಲದ ಜೈಲು ಎಂದಿತು. ಗಲ್ಲಿಗೂ ಮಾಮೂಲಿ ಜೀವಾವಧಿಗೂ ನಡುವೆ ಮೂರನೇ ದಾರಿಯೊಂದು ಹುಟ್ಟಿದ್ದು ಆ ಕರ್ನಾಟಕದ ಕೇಸಿನಿಂದಲೇ. ಇವತ್ತು ತುಂಬ ಗಲ್ಲು ಶಿಕ್ಷೆಗಳು 20, 25, 30 ವರ್ಷ ಬಿಡುಗಡೆಯಿಲ್ಲದ ಜೈಲಾಗಿ ಬದಲಾಗುವುದು ಅದೇ ದಾರಿಯಲ್ಲಿ.

ಅಪೀಲು ಸೋತರೆ 30 ದಿನದೊಳಗೆ ರಿವ್ಯೂ ಅರ್ಜಿ. 2014ರವರೆಗೆ ಇದನ್ನು ನ್ಯಾಯಮೂರ್ತಿಗಳು ತಮ್ಮ ಕೋಣೆಯೊಳಗೆ ಕಾಗದ ನೋಡಿಯೇ ಮುಗಿಸುತ್ತಿದ್ದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮೊಹಮ್ಮದ್ ಆರಿಫ್ ಕೇಸಿನ ತೀರ್ಪು ಬಂದ ಮೇಲೆ, ಗಲ್ಲು ಶಿಕ್ಷೆಯ ರಿವ್ಯೂವನ್ನು ತೆರೆದ ಕೋರ್ಟಿನಲ್ಲಿ ಮೂವರು ನ್ಯಾಯಮೂರ್ತಿಗಳು ಕೇಳುತ್ತಾರೆ. ವಾದಕ್ಕೆ ಸಿಗುವುದು ಅರ್ಧ ಗಂಟೆ. ಕಡಿಮೆ ಅನ್ನಿಸಬಹುದು. ಆದರೆ ಮೇಲೆ ಹೇಳಿದ ಆರು ಜನರ ಬಿಡುಗಡೆ ಶುರುವಾದದ್ದು ರಿವ್ಯೂದಿಂದಲೇ. ಅದಾದ ಮೇಲಿನ ಕ್ಯುರೇಟಿವ್ ಅರ್ಜಿಗೆ ಹಿರಿಯ ವಕೀಲರ ಪ್ರಮಾಣಪತ್ರ ಬೇಕು, ಅವಕಾಶ ತೀರ ಕಿರಿದು.

ಎಲ್ಲ ಮುಗಿದ ಹಳೇ ಕೇಸುಗಳಿಗೂ ಒಂದು ಕಿಟಕಿ ತೆರೆದಿದೆ. ಮನೋಜ್ ತೀರ್ಪಿನ ನಿಯಮ ಪಾಲಿಸದೆ ಗಲ್ಲು ಕೊಟ್ಟಿದ್ದರೆ, ಸಂವಿಧಾನದ 32ನೇ ವಿಧಿಯ (ಮೂಲಭೂತ ಹಕ್ಕಿಗಾಗಿ ನೇರ ಸುಪ್ರೀಂ ಕೋರ್ಟಿಗೆ ಹೋಗುವ ದಾರಿ) ಕೆಳಗೆ ಶಿಕ್ಷೆಯ ಪ್ರಶ್ನೆಯನ್ನು ಮತ್ತೆ ತೆರೆಯಬಹುದು ಎಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂಥ ಕೇಸು ನಿಮ್ಮದಾಗಿದ್ದರೆ ವಕೀಲರ ಹತ್ತಿರ ತಪ್ಪದೆ ಈ ಮಾತು ಎತ್ತಿ.

ಕ್ಷಮಾದಾನ ಅರ್ಜಿ

ಕ್ಷಮಾದಾನದ ಅಧಿಕಾರ ರಾಜ್ಯಪಾಲರಿಗೆ ಸಂವಿಧಾನದ 161ನೇ ವಿಧಿಯಿಂದ, ರಾಷ್ಟ್ರಪತಿಗಳಿಗೆ 72ನೇ ವಿಧಿಯಿಂದ. ಹೊಸ ಸಂಹಿತೆಯ ಸೆಕ್ಷನ್ 472 ಇದಕ್ಕೆ ಗಡುವು ಹಾಕಿದೆ. ಸುಪ್ರೀಂ ಕೋರ್ಟಿನಲ್ಲಿ ಸೋತ ವಿಷಯವನ್ನು ಜೈಲು ಸೂಪರಿಂಟೆಂಡೆಂಟ್ ತಿಳಿಸಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ಮೊದಲು ರಾಜ್ಯಪಾಲರಿಗೆ ಕೊಟ್ಟು, ಅಲ್ಲಿ ಆಗದಿದ್ದರೆ 60 ದಿನದೊಳಗೆ ರಾಷ್ಟ್ರಪತಿಗಳಿಗೆ. ಕೈದಿಯೂ ಹಾಕಬಹುದು, ಮನೆಯವರೂ ಹಾಕಬಹುದು. ತಿಳಿಸಿದ ದಿನಾಂಕ ಯಾವುದು ಎಂದು ಬರಹದಲ್ಲಿ ಪಡೆಯಿರಿ. ಗಡುವಿನ ಲೆಕ್ಕ ಅಲ್ಲಿಂದಲೇ.

ಅರ್ಜಿಯಲ್ಲಿ ಕೋರ್ಟಿನ ವಾದವನ್ನೇ ಮತ್ತೆ ಬರೆಯಬೇಡಿ. ಕೂಡಿಹಾಕಿದ ಬದುಕಿನ ಕಥೆ ಇಲ್ಲಿ ಮುಖ್ಯ: ಕಾಯಿಲೆ, ವಯಸ್ಸು, ಜೈಲಿನಲ್ಲಿ ಆದ ಬದಲಾವಣೆ, ಮಕ್ಕಳು, ಕೋರ್ಟಿನ ಕಣ್ಣಿಗೆ ಬೀಳದೇ ಹೋದ ದಾಖಲೆ.

ಅರ್ಜಿ ಕೊಟ್ಟು ಸುಮ್ನೆ ಕೂರಬೇಡಿ. ಕೊಟ್ಟ ದಿನ, ನೆನಪೋಲೆ ಕಳಿಸಿದ ದಿನ, ಉತ್ತರ ಬಂದ ದಿನ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. 1993ರ ಪಾಲಾರ್ ನೆಲಬಾಂಬ್ ಕೇಸಿನಲ್ಲಿ ವೀರಪ್ಪನ್‌ನ ನಾಲ್ವರು ಸಹಚರರಿಗೆ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆಯ) ಕೋರ್ಟ್ ಜೀವಾವಧಿ ಕೊಟ್ಟಿತ್ತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೆ ಏರಿಸಿತು. ಅವರ ಕ್ಷಮಾದಾನ ಅರ್ಜಿ 2013ರವರೆಗೆ ಕೊಳೆಯಿತು. ಆ ಒಂಬತ್ತು ವರ್ಷದ ವಿಳಂಬದ ಕಾರಣಕ್ಕೇ 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ ಅವರ ಗಲ್ಲು ರದ್ದಾಯಿತು. ಅವತ್ತು ಒಟ್ಟು 15 ಕೈದಿಗಳಿಗೆ ಜೀವ ಉಳಿಯಿತು.

ಅದೇ ತೀರ್ಪು ಇನ್ನೂ ಕೆಲವು ರಕ್ಷಣೆ ಕೊಟ್ಟಿದೆ. ಅರ್ಜಿ ತಿರಸ್ಕಾರವಾದದ್ದನ್ನು ಕೈದಿಗೂ ಮನೆಯವರಿಗೂ ಬರಹದಲ್ಲಿ ತಿಳಿಸಬೇಕು. ತಿಳಿಸಿದ ಮೇಲೆ ಗಲ್ಲಿಗೆ ಕನಿಷ್ಠ 14 ದಿನ ಇರಬೇಕು. ಆ ಹಂತದಲ್ಲೂ ಲೀಗಲ್ ಏಡ್ ವಕೀಲರು ಸಿಗಬೇಕು. ಕೊನೆಯ ಭೇಟಿಗೆ ಅವಕಾಶ ಕೊಡಬೇಕು. ಎಲ್ಲ ದಾರಿ ಮುಗಿಯುವ ಮೊದಲೇ ಗಲ್ಲಿನ ವಾರಂಟ್ ಹೊರಡಿಸಬಾರದು, ಹೊರಡಿಸುವಾಗ ಕೈದಿಗೆ ನೋಟಿಸ್ ಕೊಡಬೇಕು ಎಂದು 2015ರಲ್ಲಿ ಶಬ್ನಂ ಕೇಸಿನಲ್ಲಿ ಕೋರ್ಟ್ ಹೇಳಿದೆ.

ಸೆಕ್ಷನ್ 472, ಕ್ಷಮಾದಾನದ ತೀರ್ಮಾನವನ್ನು ಯಾವ ಕೋರ್ಟಿನಲ್ಲೂ ಕೆದಕಬಾರದು ಎನ್ನುತ್ತದೆ. ಆದರೆ ವಿಳಂಬ, ಮಾನಸಿಕ ಕಾಯಿಲೆ, ಒಂಟಿ ಸೆರೆ ಇವುಗಳ ಮೇಲೆ ಸುಪ್ರೀಂ ಕೋರ್ಟ್ ಮಧ್ಯೆ ಬಂದದ್ದು ಸಂವಿಧಾನ ಕೊಟ್ಟ ಅಧಿಕಾರದಿಂದ. ಮಾಮೂಲಿ ಕಾನೂನು ಅದನ್ನು ಕಿತ್ತುಕೊಳ್ಳಲಾರದು ಎಂಬುದು ನನ್ನ ಅಭಿಪ್ರಾಯ. ಆ ಬಾಗಿಲು ತಟ್ಟದೆ ಬಿಡಬೇಡಿ.

ಜೈಲಿನಲ್ಲಿ ಹೇಗಿಟ್ಟಿದ್ದಾರೆ, ನೋಡುತ್ತಿರಿ

ಕರ್ನಾಟಕದಲ್ಲಿ ಗಲ್ಲು ಶಿಕ್ಷೆಯ ಕೈದಿಗಳನ್ನು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಇಡುತ್ತಾ ಬಂದಿದ್ದಾರೆ. ಚಾಮರಾಜನಗರದ ತಾಯಿಗೆ ಅದು ಬೇರೆ ದೇಶವಿದ್ದಂತೆ. ಆದರೂ ಭೇಟಿ ತಪ್ಪಿಸಬೇಡಿ. ಹೋದಾಗ ಒಂದು ಮಾತು ಕೇಳಿ: "ಒಬ್ಬನನ್ನೇ ಇಟ್ಟಿದ್ದಾರಾ?" ಕ್ಷಮಾದಾನದ ಎಲ್ಲ ದಾರಿ ಮುಗಿಯುವ ಮೊದಲು ಕೈದಿಯನ್ನು ಒಂಟಿ ಸೆರೆಯಲ್ಲಿಡುವುದು ಕಾನೂನಿಗೆ ವಿರುದ್ಧ. 1978ರ ಸುನಿಲ್ ಬಾತ್ರಾ ತೀರ್ಪಿನಿಂದಲೂ ಇದು ಇದೆ. ಬೆಂಗಳೂರಿನ ಒಂದು ಕೇಸಿನ ಅಪರಾಧಿಯನ್ನು ಬೆಳಗಾವಿಯಲ್ಲಿ 10 ವರ್ಷ ಒಂಟಿಯಾಗಿ ಇಟ್ಟಿದ್ದರು. ಅದೇ ಮುಖ್ಯ ಕಾರಣವಾಗಿ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವನ ಗಲ್ಲು ತೆಗೆದು, ಕನಿಷ್ಠ 30 ವರ್ಷದ ಜೈಲಾಗಿ ಬದಲಿಸಿತು.

ಯಾವ ಸೆಲ್, ಎಷ್ಟು ಹೊತ್ತು ಹೊರಗೆ ಬಿಡುತ್ತಾರೆ, ಯಾರ ಜೊತೆ ಮಾತಾಡಲು ಬಿಡುತ್ತಾರೆ, ನಿದ್ದೆ ಬರುತ್ತಿದೆಯಾ ಎಂಬುದನ್ನೂ ಅದೇ ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಬರೆಯಿರಿ. ಮುಂದಿನ ಸಲ ವಕೀಲರನ್ನು ನೋಡಲು ಹೋಗುವಾಗ ಅದರ ಒಂದು ಜೆರಾಕ್ಸ್ ಮಾಡಿಸಿ ಕೊಡಿ. ಮೂಲ ಪುಸ್ತಕ ಮಾತ್ರ ಮನೆಯಲ್ಲೇ ಇರಲಿ.